ಒಲೆಯ ಮುಂದೆ ಕೇಳಬೇಕಾದ ಪ್ರಶ್ನೆ

ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಕೂತಿರುವ ಹೆಣ್ಣುಮಗಳು ಹೋದ ತಿಂಗಳು ಫೋನ್ ಮಾಡಿದ್ದಳು. ‘ಮೇಡಂ, ಬಿಡುಗಡೆಯ ಹೊಸ ಪಟ್ಟಿ ಬಂದಿದೆ. ಮನೆ ವಿಚಾರಣೆಗೆ ಹಳ್ಳಿಗೆ ಹೋಗಲೇಬೇಕಾ, ಫೋನಿನಲ್ಲೇ ಮುಗಿಸಿದರೆ ನಡೆಯುತ್ತದಾ?’ ಎಂದು ಕೇಳಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಆದರೂ ನುಂಗಿಕೊಂಡು ‘ಹೋಗವ್ವ, ಹೋಗಿ ಬಾ’ ಎಂದೆ. ಯಾಕೆ ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ಕಾರಣವಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ. ಅವಳ ಹಾಗೆ ಈ ನೌಕರಿಗೆ ಹೊಸದಾಗಿ ಬಂದವರೆಲ್ಲ ಓದಲಿ, ನನ್ನ ತಪ್ಪು ನನ್ನ ಜೊತೆಗೇ ನಿವೃತ್ತಿಯಾಗುವುದು ಬೇಡ.

ನಾನು ಪರಿವೀಕ್ಷಣಾಧಿಕಾರಿಯಾಗಿದ್ದೆ. ಇಷ್ಟುದ್ದದ ಹೆಸರು ನಮ್ಮ ಕಡೆಯವರ ನಾಲಿಗೆಯಲ್ಲಿ ಹೊರಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿಗೆ ಹೋದರೂ ನಾನು ‘ಜೈಲಿನ ಅಕ್ಕೋರು’. ಹೊಸಬರು ಯಾರಾದರೂ ಕೇಳಿದರೆ ನಾನೂ ಜೈಲಿನಿಂದ ಬಿಡುಗಡೆಯಾಗಿ ಬಂದವಳೇ ಎಂದು ತಿಳಿದುಕೊಳ್ಳುತ್ತಿದ್ದರು. ಒಮ್ಮೆ ಚಿತ್ತಾಪುರದ ಬಸ್ಸಿನಲ್ಲಿ ಒಬ್ಬ ಮುದುಕಿ ನನ್ನ ಕೈಹಿಡಿದು, ‘ಆಗಿದ್ದು ಆಯ್ತು ಬಿಡವ್ವ, ಇನ್ನ ಮ್ಯಾಲ ಚಂದಂಗ ಬಾಳು’ ಎಂದು ಸಮಾಧಾನ ಹೇಳಿದ್ದಳು. ನಾನು ಹೂಂ ಎಂದಿದ್ದೆ.

ಕೆಲಸ ಇಷ್ಟು. ಜೈಲು ತುಂಬಿ ತುಳುಕಿದಾಗ ಮೇಲಿನಿಂದ ಒಂದು ಪಟ್ಟಿ ಕೇಳುತ್ತಾರೆ. ಹೊಡೆದಾಟ, ರಕ್ತಪಾತ ಇಲ್ಲದ ಅಪರಾಧದವರು, ಶಿಕ್ಷೆಯ ಒಂದಿಷ್ಟು ಭಾಗ ಮುಗಿಸಿದವರು, ಒಳಗೆ ನಡತೆ ಚೆನ್ನಾಗಿದ್ದವರು, ಇವರನ್ನು ಅವಧಿಗೆ ಮುನ್ನ ಮನೆಗೆ ಕಳಿಸಬಹುದೇ ಎಂದು ನೋಡುವ ಪಟ್ಟಿ. ಒಬ್ಬೊಬ್ಬರ ಊರಿಗೂ ಹೋಗಿ, ಇರಲು ಮನೆ ಇದೆಯೇ, ಮಾಡಲು ಕೆಲಸ ಸಿಗುತ್ತದೆಯೇ, ಬಂದರೆ ಮನೆಯವರು ಇಟ್ಟುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಒಂದು ಹಾಳೆ ಬರೆಯುವುದು ನನ್ನ ಪಾಲಿನದು. ಒಂದೇ ಹಾಳೆ. ಆದರೆ ಒಳಗಿದ್ದವನಿಗೆ ಅದೇ ಬಾಗಿಲು.

ಜೈಲಿನ ಸೂಪರಿಂಟೆಂಡೆಂಟರು ದಪ್ಪಗಿನ ನಗುಮುಖದ ಮನುಷ್ಯ. ನನ್ನನ್ನು ಕಂಡಾಗಲೆಲ್ಲ ಒಂದೇ ರಾಗ: ‘ಅಕ್ಕೋರ, ನನ್ನ ಜೈಲು ಸಂತಿ ದಿನದ ಕಾಳಗಿ ಬಸ್ಸಾಗ್ಯಾದ. ಹತ್ತೋರು ಹತ್ಲಿಕತ್ತಾರ, ಇಳಿಯೋರೇ ಇಲ್ಲ. ಒಂದ್ ನಾಕ್ ಮಂದೀನ್ ಇಳಸ್ರಿ, ಪುಣ್ಯ ಬರ್ತದ.’ ನಕ್ಕು ಹೇಳುತ್ತಿದ್ದರು, ಆದರೆ ಒಳಗೆ ನಗುವಂಥದ್ದೇನೂ ಇರಲಿಲ್ಲ. ‘ಒಬ್ಬಂವ ಮಗ್ಗಲಾ ಬದಲಿಸಬೇಕಂದ್ರ ಸಾಲಿಗೆ ಸಾಲೇ ಬದಲಿಸಬೇಕ್ರಿ’ ಎಂದು ಒಬ್ಬ ಕೈದಿ ನನಗೆ ಹೇಳಿದ್ದ. ಮುಖ ತೊಳೆಯಲು ಸಾಲು, ಊಟಕ್ಕೆ ಸಾಲು, ಪಾಯಖಾನೆಗೆ ಅದಕ್ಕಿಂತ ದೊಡ್ಡ ಸಾಲು. ಕೊಲೆ ಮಾಡಿದವನ ಮಗ್ಗುಲಲ್ಲಿ ತೊಗರಿ ಚೀಲ ಕದ್ದವನು, ಅವನ ಮಗ್ಗುಲಲ್ಲಿ ಗಡಿ ದಾಟಿಸಿ ಶೇಂದಿ ತಂದವನು. ಇಂಥ ಸಣ್ಣ ಅಪರಾಧದವರನ್ನು ಮನೆಗೆ ಕಳಿಸಿದರೆ ಯಾರ ಗಂಟು ಹೋಗುತ್ತದೆ ಎಂದು ನನಗೆ ಮೊದಲ ದಿನದಿಂದಲೂ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ.

ನನ್ನ ಮೊದಲ ಸಾಹೇಬರು ಶುದ್ಧ ಹಸ್ತದ ಮನುಷ್ಯ, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ನಾನು ನೌಕರಿಗೆ ಸೇರಿದ ವಾರವೇ ಕರೆದು ಹೇಳಿದರು: ‘ನೋಡ್ರಿ, ಹೆಣ್ಣಧಿಕಾರಿ ಅಂದ್ರ ಮಂದಿ ಹಗುರ ತಿಳೀತಾರ. ಊರಿಗಿ ಹೋದ್ರ ಹೊರಗ ಕುರ್ಚಿ ಹಾಕಿಸ್ಕೊಳ್ರಿ. ಹತ್ತು ಮಂದಿ ಮುಂದ ಕೇಳ್ರಿ, ಬರಕೊಳ್ರಿ, ಎದ್ದು ಬರ್ರಿ. ಅವರ ಮನ್ಯಾಗ ಚಾ ಅಲ್ಲ, ನೀರೂ ಕುಡೀಬ್ಯಾಡ್ರಿ. ಒಳಗ ಹೋಗಿ ಒಲಿ ಮುಂದ ಕುಂತ್ರ ನಿಮ್ಮನ್ನ ಬೀಗರು ಅಂತಾರ, ಅಧಿಕಾರಿ ಅನ್ನಂಗಿಲ್ಲ.’ ನನಗೆ ಈ ಮಾತು ಬಹಳ ಹಿಡಿಸಿತು. ಕುರ್ಚಿಯ ರುಚಿ ಹೊಸದು. ಉರಿಬಿಸಿಲಿನಲ್ಲಿ ಹಳ್ಳಿಗೆ ಹೋಗಿ, ಕೊಟ್ಟ ತಂಬಿಗೆ ನೀರನ್ನು ‘ಬ್ಯಾಡ’ ಎಂದು ಹಿಂದಕ್ಕೆ ಕಳಿಸಿ, ಗಂಟಲು ಒಣಗಿಸಿಕೊಂಡು ಬರುತ್ತಿದ್ದೆ. ಅದೇ ಪ್ರಾಮಾಣಿಕತೆ ಎಂದು ತಿಳಿದಿದ್ದೆ.

ಮೊದಲ ದೊಡ್ಡ ಎಡವಟ್ಟು ಕುರಕುಂಟಾದಲ್ಲಿ ಆಯಿತು. ಸೇಡಂನಲ್ಲಿ ಬಸ್ಸು ತಪ್ಪಿತ್ತು. ಗುರುತಿನ ಪೊಲೀಸರೊಬ್ಬರು ‘ನಮ್ಮ ಜೀಪು ಆ ಕಡೀಗೇ ಹೊಂಟದ, ಬರ್ರಿ’ ಎಂದರು. ಹತ್ತಿದೆ. ನಮ್ಮ ಜೀಪು ಓಣಿಗೆ ತಿರುಗುವಷ್ಟರಲ್ಲಿ ನಾನು ವಿಚಾರಿಸಬೇಕಿದ್ದ ಕೈದಿಯ ಮನೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಾಗಿಲು ತೆರೆದೇ ಇದೆ, ಒಲೆಯ ಮೇಲೆ ಬೇಳೆ ಕುದಿಯುತ್ತಿದೆ. ಇನ್ನೊಬ್ಬ ಮಗನನ್ನೂ ಹಿಡಿಯಲು ಬಂದರೆಂದು ಇಡೀ ಸಂಸಾರ ಹಿತ್ತಿಲ ಬಾಗಿಲಿನಿಂದ ತೊಗರಿ ಹೊಲಕ್ಕೆ ಓಡಿತ್ತು. ಮರುದಿನ ಬಸ್ಸಿನಲ್ಲಿ ಹೋದೆ. ಮನೆಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿನ್ನೆ ಜೀಪಿನಾಗ ಬಂದಾಕಿ ನೀನೇ ಏನ? ನಮ್ಮ ಬ್ಯಾಳಿ ಎಲ್ಲಾ ತಳ ಹತ್ತಿ ಹೋಯ್ತು ನೋಡು’ ಎಂದು ಬೈದಳು. ಅವಳ ಮಗ ಬಿಡುಗಡೆಯಾದ. ಅಂದಿನಿಂದ ನಾನು ಪೊಲೀಸ್ ಜೀಪು ಹತ್ತಲಿಲ್ಲ.

ಎರಡನೆಯದು ಶಹಾಬಾದಿನದು. ಅಲ್ಲಿಯ ಒಬ್ಬನ ಬಗ್ಗೆ ‘ಈತನ ಗುಣ ಬಂಗಾರದಂಥದು’ ಎಂದು ಕಣ್ಣುಮುಚ್ಚಿ ಬರೆದೆ. ಜೈಲಿನಲ್ಲಿ ಅವನು ಗಿಡಗಳಿಗೆ ನೀರು ಹಾಕುವುದನ್ನು ನೋಡಿ ಮರುಳಾಗಿದ್ದೆ. ಹೊರಗೆ ಬಂದ ವಾರದೊಳಗೆ ಒಂದು ಛತ್ರದ ನೀರಿನ ಟಾಕಿಗೆ ಹಾಕಿದ್ದ ಹಿತ್ತಾಳೆ ನಲ್ಲಿಗಳನ್ನೆಲ್ಲ ಬಿಚ್ಚಿಕೊಂಡು ಹೋಗಿ ಸಿಕ್ಕಿಬಿದ್ದ. ಸಾಹೇಬರು ಫೈಲು ಮುಂದೆ ತಳ್ಳಿ, ‘ನಿಮ್ಮ ಬಂಗಾರ ಹಿತ್ತಾಳಿ ಹಿಂದ ಹೋಗ್ಯಾದ, ನೋಡ್ರಿ’ ಎಂದರು. ಆಫೀಸಿನವರೆಲ್ಲ ತಿಂಗಳುಗಟ್ಟಲೆ ನಲ್ಲಿ ಕಂಡಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನೂ ನಕ್ಕೆ, ಆದರೆ ಒಳಗೊಳಗೆ ಹೆದರಿದೆ. ಇನ್ನು ಮೇಲೆ ನನ್ನ ಮನಸ್ಸಿಗೆ ತೋಚಿದ್ದು ಬರೆಯಬಾರದು, ನಾಲ್ಕು ಮಂದಿಯ ಮುಂದೆ ಕೇಳಿದ್ದನ್ನೇ, ಕಂಡದ್ದನ್ನೇ ಬರೆಯಬೇಕು ಎಂದು ಗಟ್ಟಿ ಮಾಡಿಕೊಂಡೆ. ವರ್ಷಗಟ್ಟಲೆ ಹಾಗೇ ನಡೆದೆ. ಆ ಗಟ್ಟಿತನವೇ ತೆಂಗಳಿಯಲ್ಲಿ ಒಬ್ಬನ ಕುತ್ತಿಗೆಗೆ ಬಂತು.

ತೆಂಗಳಿಯ ಚಂದ್ರಪ್ಪ ಲಾರಿ ಡ್ರೈವರ್. ವಾಡಿಯಿಂದ ಸಿಮೆಂಟ್ ಸಾಗಿಸುವಾಗ ದಾರಿಯಲ್ಲಿ ಚೀಲ ಇಳಿಸಿ ಮಾರಿದ ಪ್ರಕರಣದಲ್ಲಿ ಮೂರು ವರ್ಷ ಶಿಕ್ಷೆ. ತಪ್ಪು ಒಪ್ಪಿಕೊಂಡಿದ್ದ. ಒಳಗೆ ಅಡುಗೆ ಕೋಣೆಯಲ್ಲಿ ದುಡಿಯುತ್ತಿದ್ದ, ಯಾರೊಬ್ಬರ ಗೊಡವೆಗೂ ಹೋದವನಲ್ಲ. ಮಗಳು ಅಂಬೆಗಾಲಿಡುತ್ತಿದ್ದಾಗ ಒಳಗೆ ಹೋದವನು. ಪಟ್ಟಿಯಲ್ಲಿ ಅವನ ಹೆಸರು ಬಂದಾಗ ಸೂಪರಿಂಟೆಂಡೆಂಟರು, ‘ಇವನದು ಕಣ್ಣು ಮುಚ್ಚಿ ಬರೀರಿ ಅಕ್ಕೋರ’ ಎಂದಿದ್ದರು. ಕಣ್ಣು ಮುಚ್ಚಿ ಬರೆದು ಒಮ್ಮೆ ಕೆಟ್ಟಿದ್ದೆನಲ್ಲ, ಕಣ್ಣು ತೆರೆದುಕೊಂಡೇ ಹೋದೆ.

ಬೇಸಿಗೆಯ ಬೆಳಗು. ಮನೆಯ ಮುಂದೆ ಕಟ್ಟೆ, ಕಟ್ಟೆಯ ಮಗ್ಗುಲಿಗೆ ಬೇವಿನ ಮರ. ಚಂದ್ರಪ್ಪನ ಅಣ್ಣ ಭೀಮಣ್ಣ ಕುರ್ಚಿ ತರಿಸಿದ. ಹದಿನೈದು ಮಂದಿ ನೆರೆದರು. ಒಳಗಿನಿಂದ ಚಹಾ ಬಂತು, ಬೇಡವೆಂದೆ. ನೀರು ಬಂತು, ಅದನ್ನೂ ಬೇಡವೆಂದೆ. ಚಂದ್ರಪ್ಪನ ಹೆಂಡತಿ ರತ್ನಮ್ಮನನ್ನು ಕರೆಯಿರಿ ಎಂದೆ. ಅವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಾಗಿಲ ಮರೆಗೆ ಬಂದು ನಿಂತಳು. ನಾನು ಎಲ್ಲರಿಗೂ ಕೇಳುವ ಹಾಗೆ, ‘ನಿಮ್ಮ ಯಜಮಾನರನ್ನ ಬಿಟ್ರ ಮನ್ಯಾಗ ಇಟ್ಕೋತೀರೇನ್ರಿ?’ ಎಂದೆ. ಅವಳು ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದೆ. ತಲೆ ತಗ್ಗಿಸಿ ಒಳಗೆ ಹೋದಳು.

ಭೀಮಣ್ಣ ಗಂಟಲು ಸರಿಮಾಡಿಕೊಂಡ. ‘ಬ್ಯಾಡ್ರಿ ಅಕ್ಕೋರ. ಇರೂ ಅಷ್ಟು ದಿನ ಅಲ್ಲೇ ಇರ್ಲಿ. ಈಗ ಬಂದ್ರ ನಮಗ ತಲಿ ಎತ್ತಿ ತಿರುಗಾಡ್ಲಿಕ್ಕೆ ಆಗಂಗಿಲ್ಲ.’ ಕೂತವರಲ್ಲಿ ಯಾರೂ ಎದುರಾಡಲಿಲ್ಲ. ನಾನು ಅಲ್ಲೇ ಬರೆದೆ: ‘ಪತ್ನಿಯನ್ನು ಎರಡು ಬಾರಿ ಕೇಳಲಾಗಿ ಮೌನವಾಗಿದ್ದು, ಮನೆಯವರು ಸ್ವೀಕರಿಸಲು ಒಪ್ಪಿರುವುದಿಲ್ಲ.’ ಕಂಡದ್ದನ್ನೇ ಬರೆದಿದ್ದೆ, ಒಂದಕ್ಷರ ಹೆಚ್ಚಿಲ್ಲ. ಪಟ್ಟಿಯಿಂದ ಚಂದ್ರಪ್ಪನ ಹೆಸರು ಹೋಯಿತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ರತ್ನಮ್ಮ ನನ್ನ ಆಫೀಸಿಗೆ ಬಂದಳು. ಕಂಕುಳಲ್ಲಿ ಅದೇ ಮಗು, ಕೈಯಲ್ಲಿ ಬಟ್ಟೆಯ ಗಂಟು. ಸೆರಗು ಹೆಗಲ ಮೇಲಿತ್ತು, ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲಿಗೆ ನನಗೆ ಗುರುತೇ ಹತ್ತಲಿಲ್ಲ.

‘ನಾನ್ರಿ, ತೆಂಗಳಿ ಚಂದ್ರಪ್ಪನ ಮನಿಯಾಕಿ. ನಾ ಅವರಿಗಿ ಬ್ಯಾಡ ಅಂದೀನಿ ಅಂತ ಬರದೀರಂತಲ್ರಿ?’

‘ಎರಡು ಸಲ ಕೇಳಿದೆನಲ್ಲ ರತ್ನಮ್ಮ, ನೀವು ಮಾತಾಡಲಿಲ್ಲ’ ಎಂದೆ.

‘ಭಾವ ಕುಂತಿದ್ದಿಲ್ಲೇನ್ರಿ ಅಲ್ಲಿ? ಲಗ್ನಾಗಿ ಬಂದಾಗಿಂದ ಭಾವನ ಮುಂದ ನಾ ಬಾಯಿ ತೆಗದಾಕಿ ಅಲ್ಲ. ಓಣಿ ಗಂಡಸರೆಲ್ಲಾ ಕುಂತಾರ, ಗಂಡ ಬೇಕೇನ ಅಂತ ಕೇಳ್ತೀರಿ. ಹೆಂಗ್ ಹೇಳಲಿ? ಒಳಗ ಬಂದು ಒಲಿ ಮುಂದ ಕೇಳಿದ್ರ ಹೇಳ್ತಿದ್ದಿಲ್ಲೇನ್ರಿ ನಾನು? ನೀವೂ ಹೆಣ್ಮಗಳೇ ಅದೀರಿ, ಇಷ್ಟೂ ತಿಳೀಲಿಲ್ಲೇನ್ರಿ?’

ನನ್ನ ತವರಿನಲ್ಲಿ ನನ್ನ ಅತ್ತಿಗೆಯೂ ಹಾಗೇ ಇದ್ದವಳು. ಗಂಡನ ಅಣ್ಣ ಪಡಸಾಲೆಯಲ್ಲಿ ಕೂತಿದ್ದರೆ ಮನೆಗೆ ಬೆಂಕಿ ಬಿದ್ದರೂ ಕೈಸನ್ನೆಯಲ್ಲಿ ಹೇಳುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಕುರ್ಚಿಯ ಮೇಲೆ ಕೂತಾಗ ಮರೆತಿದ್ದೆ. ಬೇರೆ ಯಾರಾದರೂ ಹೀಗೆ ಬಂದು ಜೋರು ಮಾಡಿದ್ದರೆ ಎದ್ದು ಕಳಿಸುತ್ತಿದ್ದೆನೇನೋ. ಅವತ್ತು ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಜೈಲಿನಲ್ಲಿ ನನ್ನ ವರದಿಯ ಆ ಸಾಲನ್ನು ಚಂದ್ರಪ್ಪನಿಗೆ ಓದಿ ಹೇಳಿದ್ದರು. ಹೆಸರು ಯಾಕೆ ಹೋಯಿತು ಎಂದು ಅವನೇ ಕೇಳಿದ್ದನಂತೆ. ಅಂದಿನಿಂದ ಅವನು ಮುಲಾಖತ್ತಿಗೆ ಬರುವುದನ್ನು ಬಿಟ್ಟಿದ್ದ. ಹೆಂಡತಿ ತೆಂಗಳಿಯಿಂದ ಬಸ್ಸು ಬದಲಿಸಿಕೊಂಡು ಬಂದು ಕಿಟಕಿಯ ಹೊರಗೆ ನಿಂತರೆ, ಒಳಗಿನಿಂದ ‘ಒಲ್ಲೆ ಅಂತಾನ’ ಎಂಬ ಉತ್ತರ. ಎರಡು ಸಲ ಹಾಗೇ ಹಿಂದಿರುಗಿದ್ದಳು. ಕೈಯಲ್ಲಿದ್ದ ಗಂಟಿನಲ್ಲಿ ಅವತ್ತಿನ ರೊಟ್ಟಿ ಇತ್ತು.

‘ಅವರಿಗಿ ತಿಳಿಸಿ ಹೇಳ್ರಿ. ನಾ ಹಂಗ ಅಂದಾಕಿ ಅಲ್ಲ ಅಂತ ಹೇಳ್ರಿ’ ಎಂದಳು. ಅಷ್ಟೇ ಅವಳು ಕೇಳಿದ್ದು. ಬಿಡುಗಡೆ ಮಾಡಿಸಿ ಎಂದೂ ಕೇಳಲಿಲ್ಲ.

ಆ ಹೊತ್ತಿಗೆ ನಮ್ಮಲ್ಲಿ ಎರಡನೆಯ ಸಾಹೇಬರಿದ್ದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡುವವರು. ವರದಿ ತಿದ್ದಬೇಕು ಎಂದೆ. ‘ಅಪ್‌ಲೋಡ್ ಆಗಿದೆ ಮೇಡಂ, ಈಗ ತಿದ್ದೋಕೆ ಬರೋದಿಲ್ಲ. ಹೊಸ ಪಟ್ಟಿ ಬಂದಾಗ ನೋಡೋಣ’ ಎಂದರು. ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ. ‘ಸುಮ್ಮನೆ ಮೈಮೇಲೆ ಎಳೆದುಕೊಳ್ಳಬೇಡಿ’ ಎಂದರು. ಎಳೆದುಕೊಂಡೆ. ಬರೆದುಕೊಟ್ಟೆ. ಮೇಲಿನಿಂದ ನನ್ನ ವಿವರಣೆ ಕೇಳಿ ನೋಟಿಸು ಬಂತು, ವಿವರಣೆಯನ್ನೂ ಕೊಟ್ಟೆ. ಚಂದ್ರಪ್ಪನ ವಿಷಯದಲ್ಲಿ ಮಾತ್ರ ಒಂದು ಎಲೆಯೂ ಅಲುಗಲಿಲ್ಲ.

ಜೈಲಿಗೆ ಹೋಗಿ ಅವನನ್ನು ಕರೆಸಿ ನಡೆದದ್ದನ್ನೆಲ್ಲ ಹೇಳಿದೆ. ಭಾವನ ಮಾತು, ಕುರ್ಚಿಯ ಮಾತು, ಒಲೆಯ ಮಾತು. ಅವನು ಸ್ಟಿಯರಿಂಗ್ ಹಿಡಿದು ಒರಟಾದ ದೊಡ್ಡ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ.

‘ಅಕ್ಕೋರ, ನೀವು ಒಳ್ಳೇವರದೀರಿ. ನನ್ನ ಸಮಾಧಾನಕ್ಕ ಹೇಳ್ಲಿಕತ್ತೀರಿ. ಹಾಳಿ ಮ್ಯಾಲ ಬರದದ್ದು ಸರಕಾರದ್ದು. ಅದು ಹೆಂಗ ಸುಳ್ಳಾಗ್ತದ?’

‘ಆ ಹಾಳೆ ಬರೆದವಳು ನಾನೇ ಅಲ್ವಾ?’ ಎಂದೆ.

‘ಆವಾಗ ನೀವು ಅಧಿಕಾರಿ ಇದ್ರಿ. ಈಗ ಅಕ್ಕ ಆಗೀರಿ’ ಎಂದು ಎದ್ದು ಹೋದ.

ಆಮೇಲೆ ನಾನು ಬಸ್ಸಿನಲ್ಲಿ ಅತ್ತೆ. ಬಸ್ಸಿನಲ್ಲಿ ಅಳಬೇಕೆಂದರೆ ಕಿಟಕಿಯ ಸೀಟು ಹಿಡಿಯಬೇಕು, ಹೊಸಬರು ಇದನ್ನೂ ಕಲಿತಿರಲಿ.

ಆ ತಿಂಗಳಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಊರಿಗೆ ಹೋದರೆ ಕಟ್ಟೆಯ ಮೇಲಿನವರಿಗೆ ನಮಸ್ಕಾರ ಹಾಕಿ, ‘ನೀರು ಕುಡಿದು ಬರ್ತೀನ್ರಿ’ ಎಂದು ನೇರ ಒಳಗೆ ಹೋಗುತ್ತಿದ್ದೆ. ಒಲೆಯ ಮುಂದೆ ಕೂತು, ಕೊಟ್ಟ ಚಹಾ ಕುಡಿದು, ರೊಟ್ಟಿ ಬಡಿಯುವವಳನ್ನು ಮೊದಲು ಕೇಳುತ್ತಿದ್ದೆ. ಬಂದವನಿಗೆ ಅನ್ನ ಹಾಕುವವಳು ಅವಳು. ಕಟ್ಟೆಯ ಮಂದಿ ಹಾಕುವುದಿಲ್ಲ.

ಒಲೆಯ ಮುಂದೆ ಯಾವಾಗಲೂ ‘ಕಳಿಸ್ರಿ’ ಎಂದೇ ಬರುತ್ತದೆ ಎಂದಲ್ಲ. ಚಿಂಚೋಳಿಯ ಗಡಿಯ ಕಡೆ ಒಂದು ಊರಿನಲ್ಲಿ ಹೊರಗೆ ಕೂತವರೆಲ್ಲ, ‘ಛಲೋ ಮನುಷ್ಯ, ಕಳಸ್ರಿ, ಕಳಸ್ರಿ’ ಎಂದರು. ಒಳಗೆ ಅವನ ಹೆಂಡತಿ ಕನ್ನಡ ಬಿಟ್ಟು ತೆಲುಗಿನಲ್ಲಿ ‘ವದ್ದಮ್ಮಾ’ ಎಂದು ನನ್ನ ಕೈ ಹಿಡಿದುಕೊಂಡಳು. ಬೇಡಮ್ಮಾ ಎಂದು. ‘ಅಂವ ಇಲ್ಲದಾಗಿಂದ ಮಕ್ಕಳು ಹೆದರಿಕಿ ಇಲ್ಲದಂಗ ಉಣ್ಲಿಕತ್ತಾವ’ ಎಂದು ತೋಳಿನ ಮೇಲಿನ ಹಳೆಯ ಕಲೆ ತೋರಿಸಿದಳು. ಸರಕಾರದ ಹಾಳೆಯಲ್ಲಿ ಅವನು ಯಾರ ಮೇಲೂ ಕೈ ಎತ್ತಿದವನಲ್ಲ. ಅವನ ಹೆಸರನ್ನು ನಾನು ತಡೆದೆ, ಅವಳ ಹೆಸರು ಎಲ್ಲೂ ಬಾರದ ಹಾಗೆ ಬರೆದೆ.

ಆಮೇಲೆ ಕೊರೋನಾ ಬಂತು.

ಬಸ್ಸಿಲ್ಲ, ರೈಲಿಲ್ಲ, ವಾಡಿ ಜಂಕ್ಷನ್ ಅಂಥ ವಾಡಿ ಜಂಕ್ಷನ್ ಬಿಕೋ ಎನ್ನುತ್ತಿತ್ತು. ಮಂದಿ ಒಬ್ಬರಿಂದೊಬ್ಬರು ದೂರ ನಿಲ್ಲಬೇಕು ಎಂದು ಸರಕಾರ ಹೇಳುತ್ತಿತ್ತು. ಜೈಲಿನೊಳಗೆ ದೂರ ನಿಲ್ಲುವುದು ಹೇಗೆ? ನಮ್ಮ ಸೂಪರಿಂಟೆಂಡೆಂಟರ ನಗು ಅವತ್ತೇ ನಿಂತಿದ್ದು. ‘ಅಕ್ಕೋರ, ಒಬ್ಬನಿಗಿ ಬಂದ್ರ ಎಲ್ಲರಿಗೂ ಬಂತಂತ ತಿಳೀರಿ’ ಎಂದರು. ಮೇಲಿನಿಂದ ಆದೇಶ ಬಂತು: ಸಣ್ಣ ಅಪರಾಧದವರನ್ನು ಬೇಗ ಕಳಿಸಿ, ವಿಚಾರಣೆ ಫೋನಿನಲ್ಲೇ ಆಗಲಿ. ಹೊಸ ಪಟ್ಟಿಯಲ್ಲಿ ಚಂದ್ರಪ್ಪನ ಹೆಸರಿತ್ತು. ತೆಂಗಳಿಯ ಕಟ್ಟೆಯ ಮೇಲೆ ನಾನು ಆ ಸಾಲು ಬರೆದು ಹನ್ನೊಂದು ತಿಂಗಳಾಗಿತ್ತು.

ಫೈಲಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವನು ಭೀಮಣ್ಣ. ‘ಊರಿಗಿ ಮುಳ್ಳಿನ ಬೇಲಿ ಹಾಕೀವ್ರಿ, ಹೊರಗಿನ ಮಂದಿ ಬರೂ ಹಂಗಿಲ್ಲ’ ಎಂದ. ‘ಅವನೇನ್ ಹೊರಗಿನವನೇನ್ರಿ?’ ಎಂದೆ. ದನಿ ತಗ್ಗಿಸಿ, ‘ನನ್ನ ಮಗಳಿಗಿ ಒಂದು ಕಡಿ ಲಗ್ನದ ಮಾತು ನಡದದ್ರಿ ಅಕ್ಕೋರ. ಹೋದ ವರ್ಷ ಒಂದು ಮುರದು ಹೋಯ್ತು, ಇದೇ ಕಾರಣಕ್ಕ. ತಿಳ್ಕೊಳ್ರಿ’ ಎಂದ. ತಿಳಿದುಕೊಂಡೆ. ಅವನನ್ನು ಕೆಟ್ಟವನೆಂದು ಬಗೆದದ್ದು ತೆಂಗಳಿಯಲ್ಲಿ ನಾನು ಮಾಡಿದ ಎರಡನೆಯ ತಪ್ಪು. ಆದರೆ ರತ್ನಮ್ಮನಿಗೆ ಫೋನ್ ಕೊಡಿ ಎಂದರೆ, ‘ಹೊಲಕ್ಕ ಹೋಗ್ಯಾಳ’ ಎಂದು ಇಟ್ಟುಬಿಟ್ಟ. ಹಳ್ಳಿಯ ಮನೆಯಲ್ಲಿ ಫೋನು ಇರುವುದು ಗಂಡಸರ ಜೇಬಿನಲ್ಲಿ, ಒಲೆಯ ಹತ್ತಿರ ಅಲ್ಲ. ಅದಕ್ಕೇ ಹೇಳಿದ್ದು, ಹಳ್ಳಿಗೆ ಹೋಗವ್ವ ಎಂದು.

ನಾನು ಹೋಗುವಂತಿರಲಿಲ್ಲ. ಆ ದಿನಗಳಲ್ಲಿ ಎಲ್ಲರ ಮನೆಯ ಒಲೆಯವರೆಗೆ ಹೋಗುತ್ತಿದ್ದವರು ಒಬ್ಬರೇ, ಜ್ವರ ಇದೆಯೇ ಎಂದು ಕೇಳಲು ಬರುವ ಆಶಾ ಕಾರ್ಯಕರ್ತೆ. ಆಸ್ಪತ್ರೆಯವರಿಂದ ತೆಂಗಳಿಯ ಆಶಾ ಶಹನಾಜಳ ನಂಬರು ಹುಡುಕಿ ಹಿಡಿದೆ. ವಿಷಯ ಕೇಳಿ, ‘ನಾಳಿ ಮುಂಜಾನಿ ಅವರ ಮನಿಗೇ ಹೋಗೂದದ ಅಕ್ಕೋರ. ಅಡಗಿ ಮನ್ಯಾಗ ಹೋಗಿ ನಿಮಗ ಫೋನ್ ಹಚ್ತೀನಿ, ಹಿಡಕೊಂಡೇ ಕುಂದ್ರಿ’ ಎಂದಳು.

ಮರುದಿನ ಜೈಲಿನ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಬಿಡುಗಡೆಯಾದವರನ್ನು ಊರಿಗೆ ಮುಟ್ಟಿಸುವ ಗಾಡಿ ಮಧ್ಯಾಹ್ನ ಹೊರಡಬೇಕು, ಅಷ್ಟರೊಳಗೆ ಹಾಳೆಗಳು ಮುಗಿಯಬೇಕು. ಹೋಗಲು ಮನೆ ಇಲ್ಲದವನಿಗೆ ಬಿಡುಗಡೆ ಇಲ್ಲ. ಚಂದ್ರಪ್ಪ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಎರಡು ಮಾರು ದೂರದಲ್ಲಿ ನಿಂತ.

‘ನನ್ನ ವಾಡಿಗಿ ಇಳಸ್ರಿ ಅಕ್ಕೋರ. ಎಲ್ಲ್ಯಾರ ಇರ್ತೀನಿ. ತೆಂಗಳಿಗಿ ಒಲ್ಲೆ.’

‘ವಾಡಿಯಲ್ಲಿ ಮನೆ ಎಲ್ಲಿದೆ ನಿನಗೆ?’

‘ತೆಂಗಳ್ಯಾಗರ ಎಲ್ಲದ?’ ಎಂದ.

ಅಷ್ಟರಲ್ಲಿ ಫೋನು ಬಂತು. ಮೇಜಿನ ಮೇಲೆ ಇಟ್ಟು ಸ್ಪೀಕರ್ ಒತ್ತಿದೆ. ಮೊದಲು ಕೇಳಿಸಿದ್ದು ರೊಟ್ಟಿ ಬಡಿಯುವ ಸದ್ದು. ಆಮೇಲೆ ಶಹನಾಜಳ ದನಿ: ‘ಮಾತಾಡು, ಅಕ್ಕೋರು ಅದಾರ.’

‘ರತ್ನಮ್ಮ, ಈ ಸಲ ಒಲೆಯ ಮುಂದೆ ಕೇಳ್ಲಿಕತ್ತೀನ್ರಿ’ ಎಂದೆ.

‘ಅವರು ಅಲ್ಲೇ ಅದಾರೇನ್ರಿ?’

‘ಇಲ್ಲೇ ನಿಂತಾರ. ನಿಮ್ಮ ಮಾತು ಕೇಳಸ್ಲಿಕತ್ತದ.’

ರೊಟ್ಟಿಯ ಸದ್ದು ನಿಂತಿತು. ಸೂಪರಿಂಟೆಂಡೆಂಟರು ಓದುತ್ತಿದ್ದ ಕಾಗದ ಕೆಳಗಿಟ್ಟರು. ಚಂದ್ರಪ್ಪ ನೆಲ ನೋಡುತ್ತಿದ್ದ. ಇನ್ನೊಮ್ಮೆ ಅದೇ ಮೌನವೇ ಎಂದು ಫೋನಿನ ಮೇಲೆ ಬಗ್ಗಿದೆ.

‘ರೊಟ್ಟಿ ಬಡೀಲಿಕತ್ತೀನ್ರಿ’ ಎಂದಳು ರತ್ನಮ್ಮ. ‘ಅವರಿಗಿ ಎಷ್ಟು ಬಡೀಲಿ, ಕೇಳ್ರಿ.’

ನಾನು ಅವನ ಮುಖ ನೋಡಿದೆ. ಕರವಸ್ತ್ರದ ಮೇಲೆ ಅವನ ಕಣ್ಣುಗಳು ತುಂಬಿಕೊಂಡಿದ್ದವು. ಕೊನೆಗೆ ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ‘ಐದು ಅನ್ರಿ’ ಎಂದ.

‘ಐದಂತೆ’ ಎಂದೆ.

‘ಮೊದಲ ನಾಕ ತಿಂತಿದ್ರು.’

‘ಮೊದಲ ಜೈಲಿನಾಗ ಇದ್ದಿಲ್ಲ ಅನ್ರಿ’ ಎಂದ ಅವನು, ಈ ಸಲ ಎಲ್ಲರಿಗೂ ಕೇಳುವ ಹಾಗೆ. ಅಡುಗೆ ಕೋಣೆಯಲ್ಲಿ ದುಡಿದವನ ಮಾತು. ಸೂಪರಿಂಟೆಂಡೆಂಟರು ಎಷ್ಟೋ ದಿನದ ಮೇಲೆ ಹೊಟ್ಟೆ ಅಲುಗಿಸಿ ನಕ್ಕರು. ಆ ಕಡೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ನಾನು ಹಾಳೆಯಲ್ಲಿ ‘ಪತ್ನಿ ಸ್ವೀಕರಿಸಲು ಒಪ್ಪಿರುತ್ತಾರೆ’ ಎಂದು ಬರೆದು ಸಹಿ ಮಾಡಿದೆ. ನನ್ನ ಸಹಿ ಅಷ್ಟು ಸೊಟ್ಟಗೆ ಎಂದೂ ಆಗಿದ್ದಿಲ್ಲ.

ಗಾಡಿ ಶಹಾಬಾದ್, ವಾಡಿ, ಚಿತ್ತಾಪುರದಲ್ಲಿ ಒಬ್ಬೊಬ್ಬರನ್ನು ಇಳಿಸುತ್ತ ಹೋಗಿ ತೆಂಗಳಿ ಮುಟ್ಟುವಾಗ ಸಂಜೆಯಾಗಿತ್ತಂತೆ. ಮುಂದಿನದನ್ನು ನನಗೆ ಹೇಳಿದವಳು ಶಹನಾಜ್. ಜ್ವರ ನೋಡಿ, ಹದಿನಾಲ್ಕು ದಿನ ಮನೆಯಲ್ಲೇ ಬೇರೆ ಇರಿಸಬೇಕು ಎಂದು ಹೇಳಲು ಅವಳೂ ಅಲ್ಲಿ ನಿಂತಿದ್ದಳು.

ಮುಳ್ಳಿನ ಬೇಲಿ ಸರಿಸಿ ಚಂದ್ರಪ್ಪನನ್ನು ಒಳಗೆ ಬಿಟ್ಟರು. ಮನೆಯ ಮುಂದೆ, ದೂರ ದೂರ ನಿಂತರೂ, ಓಣಿಯ ಮಂದಿಯೆಲ್ಲ ಸೇರಿದ್ದರು. ಭೀಮಣ್ಣ ಕಟ್ಟೆಯ ಮೇಲೆ ನಿಂತು, ‘ಅಲ್ಲೇ ನಿಂದ್ರು. ಹದಿನಾಕು ದಿನ ಸರಕಾರಿ ಸಾಲ್ಯಾಗ ಇರು. ಮನಿ ಮಾತು ಆಮ್ಯಾಲ ನೋಡೋಣು’ ಎಂದ. ಶಹನಾಜ್ ‘ಮನ್ಯಾಗ ಬ್ಯಾರೆ ಕೋಣಿ ಇದ್ರ ಸಾಕ್ರಿ’ ಎಂದರೆ, ‘ಕೋಣಿ ಎಲ್ಲದ?’ ಎಂದ. ಚಂದ್ರಪ್ಪ ಕೈಚೀಲ ಎತ್ತಿಕೊಂಡು ಬಂದ ದಾರಿಗೇ ತಿರುಗಿದ.

ಆಗ ರತ್ನಮ್ಮ ಹೊರಗೆ ಬಂದಳು. ಸೆರಗು ಹಣೆಯ ಮೇಲೇ ಇತ್ತು, ಕೈಗೆಲ್ಲ ಹಿಟ್ಟು ಮೆತ್ತಿತ್ತು. ಬಾಗಿಲು ದಾಟಿ, ಕಟ್ಟೆ ಇಳಿದು, ಭೀಮಣ್ಣನ ಎದುರಿಗೆ ಬಂದು ನಿಂತಳು.

‘ಭಾವ, ದನದ ಕೋಣಿ ಬಳದೀನಿ. ಹದಿನಾಕು ದಿನ ಅಲ್ಲೇ ಹಾಸ್ತೀನಿ. ಇದು ಅವರ ಮನಿನೂ ಹೌದು.’ ಆಮೇಲೆ ಗಂಡನ ಕಡೆ ತಿರುಗಿದಳು. ‘ಬರ್ರಿ ಒಳಗ. ನೀರು ಕಾಸೀನಿ.’

ಓಣಿಯವರು ಅವಳ ದನಿಯನ್ನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲಂತೆ. ಭೀಮಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, ‘ದನ ಹೊರಗ ಕಟ್ತೀನಿ, ತಡಿ’ ಎಂದು ಕಟ್ಟೆಯಿಂದ ಇಳಿದ.

ನಾನು ಕುರ್ಚಿ ಹಾಕಿಸಿಕೊಂಡು, ಪೆನ್ನು ಹಿಡಿದು ಎರಡು ಸಲ ಕೇಳಿದ್ದ ಪ್ರಶ್ನೆಗೆ ಉತ್ತರ ಬಂದದ್ದು ಅವತ್ತು. ಅದೇ ಕಟ್ಟೆಯ ಮುಂದೆ, ಅದೇ ಭಾವನ ಮುಂದೆ, ಅದೇ ಮಂದಿಯ ಮುಂದೆ. ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.